ಕೆರೆ, ಟ್ಯಾಂಕ್, ಲೇಕ್: ಸಮೀಪಾರ್ಥಕ ಇಂಗ್ಲಿಷ್ ಜಲವಾಚಕಗಳ ವಿವೇಚನೆ
(ಕಡೂರು, ತರೀಕೆರೆ, ಅಜ್ಜಂಪುರ ಪರಿಸರವನ್ನು ಅನುಲಕ್ಷಿಸಿ)

1. ಪ್ರವೇಶ

ಯಾವುದೇ ಭಾಷೆಯಲ್ಲಿ ಎಲ್ಲ ಸಂದರ್ಭಗಳಲ್ಲಿಯೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಬಹುದಾದ ಎರಡು ಪದಗಳು ವಿರಳ. ಮನೆ ಮತ್ತು ಗೃಹ ಎಂಬ ಪದಗಳನ್ನು ನಿಘಂಟುಗಳು ಸಮಾನಾರ್ಥಕಗಳೆಂದು ಹೇಳುತ್ತವೆ. ಆದರೆ ಗೃಹಸಚಿವರನ್ನು ಯಾರೂ ‘ಮನೆಸಚಿವ’ರೆಂದು ಕರೆಯುವುದಿಲ್ಲ, ಸಂಜೆ ಕೆಲಸ ಮುಗಿಸಿದವನು ‘ಗೃಹಕ್ಕೆ’ ಹೋಗುವುದಿಲ್ಲ. ಆದ್ದರಿಂದ ಸಮಾನಾರ್ಥಕ ಎಂಬುದಕ್ಕಿಂತ ಸಮೀಪಾರ್ಥಕ ಎಂಬ ಪರಿಭಾಷೆಯೇ ಇಲ್ಲಿ ಹೆಚ್ಚು ಉಚಿತವಾದುದು. ಕನ್ನಡ ಮಾತೃಭಾಷಿಕರಿಗೆ ಕನ್ನಡದ ಮಟ್ಟಿಗೆ ಈ ಅಂತರವು ಪ್ರಯೋಗದಿಂದಲೇ ತಿಳಿದಿರುತ್ತದೆ. ಇಂಗ್ಲಿಷಿನ ಮಟ್ಟಿಗೆ ಹಾಗಲ್ಲ. ಅಲ್ಲಿ ನಿಘಂಟು ಕೊಟ್ಟ ಅರ್ಥವೇ ಅವರಿಗೆ ಮೊದಲ ಆಧಾರ.

ಸಮೀಪಾರ್ಥಕಗಳನ್ನು ಕುರಿತ ಗ್ರಂಥಗಳಲ್ಲಿ ಎರಡು ಬಗೆಗಳಿವೆ. ಪದಗಳನ್ನು ಒಂದೆಡೆ ಕಲೆಹಾಕುವುದು ಒಂದು ಬಗೆ. ಅವುಗಳ ಅಂತರವನ್ನು ವಿವರಿಸುವುದು ಮತ್ತೊಂದು ಬಗೆ. ಇಂಗ್ಲಿಷಿನಲ್ಲಿ ಪೀಟರ್ ಮಾರ್ಕ್ ರೋಜೆಯ ಪದಕೋಶ (1852) ಮೊದಲ ಬಗೆಗೂ ಅದಕ್ಕಿಂತ ಮುಂಚಿನ ಜಾರ್ಜ್ ಕ್ರ್ಯಾಬನ ಸಮಾನಾರ್ಥಕ ಪದವಿವರಣೆ (1816) ಎರಡನೆಯ ಬಗೆಗೂ ನಿದರ್ಶನಗಳು. ನಮ್ಮ ಕೋಶಪರಂಪರೆಯಲ್ಲಿ ಅಮರಕೋಶವು ಮುಖ್ಯವಾಗಿ ಮೊದಲ ಬಗೆಯದು. ಆದರೂ ಅದರ ವಾರಿವರ್ಗದಲ್ಲಿ ವೇಶಂತ, ಪಲ್ವಲಗಳನ್ನು ಅಲ್ಪಸರಸ್ಸೆಂದು ಬೇರ್ಪಡಿಸಿರುವುದು ಗಮನಾರ್ಹ. ಅಂದರೆ ಪದಗಳನ್ನು ಕೂಡಿಸುವ ಕೆಲಸದ ಒಳಗೇ ವಿಂಗಡಣೆಯ ಎಚ್ಚರವೂ ಇತ್ತೆಂದಾಯಿತು. ಇಂದಿನ ಇಂಗ್ಲಿಷ್-ಕನ್ನಡ ದ್ವಿಭಾಷಾ ಕೋಶಗಳನ್ನು ಬಳಸುವಾಗ ಈ ಎಚ್ಚರವನ್ನು ಓದುಗನೇ ತಂದುಕೊಳ್ಳಬೇಕಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ನೀರಿನ ನೆಲೆಗಳಿಗೆ ಸಂಬಂಧಿಸಿದ ಕೆಲವು ಇಂಗ್ಲಿಷ್ ಪದಗಳನ್ನು ಆರಿಸಿಕೊಂಡು ಅವುಗಳ ಅಂತರವನ್ನು ಗುರುತಿಸಲು ಪ್ರಯತ್ನಿಸಲಾಗಿದೆ. ಇದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಹಾಗೂ ಹಿಂದೆ ತರೀಕೆರೆಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರ, ಈ ಮೂರು ತಾಲ್ಲೂಕುಗಳ ಪರಿಸರವನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಕೆರೆ, ಹಳ್ಳ, ನದಿ, ಜಲಾಶಯ, ನಾಲೆ, ಸುರಂಗ ಇವೆಲ್ಲವೂ ಒಂದು ದಿನದ ಪ್ರಯಾಣದ ಅಂತರದಲ್ಲಿಯೇ ಇಲ್ಲಿ ಕಾಣಸಿಗುತ್ತವೆ. ಕಣ್ಣೆದುರಿನ ವಸ್ತುವಿಗೆ ಯಾವ ಪದ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಪರೀಕ್ಷಿಸಲು ಇಂತಹ ನೆಲ ಅನುಕೂಲವಾದುದು.

2. ಪರಿಸರ

1947ರವರೆಗೆ ಈ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಬಿ.ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟವು (1901) ಈ ಹೆಸರಿನಲ್ಲಿಯೇ ಇಲ್ಲಿನ ಶಾಸನಗಳನ್ನು ಒಳಗೊಂಡಿದೆ. ಜಿಲ್ಲೆಯ ಪಶ್ಚಿಮ ಭಾಗ ಮಲೆನಾಡು, ಕಡೂರು ಬಯಲುಸೀಮೆ, ತರೀಕೆರೆ ಇವೆರಡರ ನಡುವಣ ಸೆರಗು. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಸಮೀಪ ಕೂಡಿ ವೇದಾವತಿಯಾಗುತ್ತವೆ. ವೇದೆಯ ಹರಿವಿನಲ್ಲಿ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯೂ ಅವತಿಯ ಹರಿವಿನಲ್ಲಿ ಮದಗದ ಕೆರೆಯೂ ಇವೆ. ಜಿಲ್ಲೆಯ ಇನ್ನೊಂದು ಬದಿಯಲ್ಲಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಡ್ಡಲಾಗಿ ಕಟ್ಟಿ 1960ರ ದಶಕದಲ್ಲಿ ಪೂರ್ಣಗೊಳಿಸಿದ ಅಣೆಕಟ್ಟು ಇದೆ. ಅದರ ಹಿಂದಿನ ಜಲಾಶಯದ ಧಾರಣಾಶಕ್ತಿ ಸುಮಾರು 71.5 ಟಿ.ಎಂ.ಸಿ. ಅಡಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಈ ಜಲಾಶಯದ ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಕೊರೆದ ಸುಮಾರು 7 ಕಿ.ಮೀ. ಉದ್ದದ ಸುರಂಗದ ಮೂಲಕ ಬಯಲುಸೀಮೆಯತ್ತ ಹರಿಸಲಾಗುತ್ತದೆ.

ಮೇಲಿನ ವಾಕ್ಯಗಳಲ್ಲಿ ಬಂದಿರುವ ಹೊಳೆ, ನದಿ, ಕೆರೆ, ಜಲಾಶಯ, ಅಣೆಕಟ್ಟು ಪದಗಳನ್ನು ಇಂಗ್ಲಿಷಿಗೆ ತರಹೊರಟಾಗ ಸಮಸ್ಯೆ ಎದುರಾಗುತ್ತದೆ. ಕೆರೆ ಎಂಬುದಕ್ಕೆ ಟ್ಯಾಂಕ್, ಲೇಕ್, ಪಾಂಡ್, ರಿಸರ್ವಾಯರ್ ಎಂಬ ನಾಲ್ಕೂ ಪದಗಳು ಬಳಕೆಯಲ್ಲಿವೆ. ಇವುಗಳಲ್ಲಿ ಅಯ್ಯನಕೆರೆಗೆ ಯಾವುದು ಸಲ್ಲಬೇಕು?

3. ಟ್ಯಾಂಕ್ ಮತ್ತು ಲೇಕ್

‘ಟ್ಯಾಂಕ್’ ಎಂಬುದು ಮೂಲತಃ ಇಂಗ್ಲಿಷಿನ ದೇಶ್ಯಪದವಲ್ಲ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಯನ್ನು ಸೂಚಿಸುವ ಪದಗಳು ಪೋರ್ಚುಗೀಸರ ‘ತಾಂಕೆ’ ಎಂಬ ಪದದೊಡನೆ ಬೆರೆತು ಇಂಗ್ಲಿಷಿನಲ್ಲಿ ಈ ರೂಪ ನೆಲೆಗೊಂಡಿತೆಂದು ನಿಷ್ಪತ್ತಿಕಾರರು ವಿವರಿಸುತ್ತಾರೆ. ಭಾರತದಲ್ಲಿದ್ದ ಇಂಗ್ಲಿಷರ ಪದಸಂಪತ್ತನ್ನು ಸಂಗ್ರಹಿಸಿದ ಹಾಬ್ಸನ್-ಜಾಬ್ಸನ್ ಕೋಶದಲ್ಲಿ (1886) ಈ ಪದಕ್ಕೆ ಸ್ಥಾನವಿದೆ. ಕಂದಾಯ, ನೀರಾವರಿ ಇಲಾಖೆಗಳ ಇಂಗ್ಲಿಷಿನಲ್ಲಿ ಇದು ಕೆರೆಗೆ ನಿಂತ ಸ್ಥಿರ ಪರಿಭಾಷೆಯಾಯಿತು. ರೈಸರ ಶಾಸನಾನುವಾದಗಳಲ್ಲಿಯೂ ಕೆರೆಗೆ ಸಾಮಾನ್ಯವಾಗಿ ಬರುವುದು ಇದೇ ಪದ.

‘ಲೇಕ್’ ಲ್ಯಾಟಿನ್ನಿನ ‘ಲಾಕುಸ್’ ಎಂಬುದರಿಂದ ಫ್ರೆಂಚಿನ ಮೂಲಕ ಬಂದುದು. ಇದರ ಪ್ರಧಾನಾರ್ಥ ನೆಲದಿಂದ ಸುತ್ತುವರಿದ ವಿಶಾಲ ಜಲರಾಶಿ. ಮಾನವನಿರ್ಮಿತವಾದುದಕ್ಕೂ ಈ ಪದ ಸಲ್ಲುತ್ತದೆಯಾದರೂ ಆಗ ಆ ಅಂಶವನ್ನು ವಿಶೇಷಣದಿಂದ ಸೂಚಿಸುವ ರೂಢಿಯಿದೆ. ವಿಶೇಷಣವಿಲ್ಲದ ‘ಲೇಕ್’ ಓದುಗನ ಮನಸ್ಸಿನಲ್ಲಿ ನಿಸರ್ಗನಿರ್ಮಿತ ಸರೋವರದ ಚಿತ್ರವನ್ನೇ ಮೂಡಿಸುತ್ತದೆ.

ಇವೆರಡರ ಅಂತರವನ್ನು ನೈಸರ್ಗಿಕ-ಕೃತಕ ಎಂಬ ಒಂದೇ ಭೇದದಲ್ಲಿ ಮುಗಿಸಲಾಗದು. ಇನ್ನೂ ಮುಖ್ಯವಾದ ಭೇದವೊಂದಿದೆ. ಲೇಕ್ ಎಂಬುದು ಪ್ರಧಾನವಾಗಿ ನೀರಿನ ಹೆಸರು. ಕೆರೆ ಎಂಬುದು ಒಂದು ವ್ಯವಸ್ಥೆಯ ಹೆಸರು. ಏರಿ, ತೂಬು, ಕೋಡಿ, ಅಂಗಳ, ನೀರು ತರುವ ಹಳ್ಳ ಅಥವಾ ಕಾಲುವೆ, ಕೆಳಗಿನ ಅಚ್ಚುಕಟ್ಟು ಇವೆಲ್ಲವೂ ಕೂಡಿದರೆ ಕೆರೆ. ಆದ್ದರಿಂದಲೇ ನೀರಿಲ್ಲದಾಗಲೂ ಕೆರೆ ಕೆರೆಯಾಗಿಯೇ ಉಳಿಯುತ್ತದೆ. ‘ಈ ವರ್ಷ ಕೆರೆಗೆ ನೀರು ಬರಲಿಲ್ಲ’ ಎಂಬ ಬಯಲುಸೀಮೆಯ ಸಾಮಾನ್ಯ ವಾಕ್ಯದಲ್ಲಿ ಕೆರೆ ಬೇರೆ, ನೀರು ಬೇರೆ. ‘ಕೆರೆಗೆ ಹಾರ’ ಜನಪದ ಕಥನಗೀತೆಯ ದುರಂತವೂ ಕಟ್ಟಿಸಿದ ಕೆರೆಗೆ ನೀರು ಬಾರದುದರಿಂದಲೇ ಮೊದಲಾಗುತ್ತದೆ. ಅಲ್ಲಿ ಒಂದು ಹನಿ ನೀರಿಲ್ಲದಾಗಲೂ ಅದು ಕೆರೆಯೇ. ಆ ಸಂದರ್ಭದಲ್ಲಿ ‘ಲೇಕ್’ ಎಂದು ಅನುವಾದಿಸಿದರೆ ಇಂಗ್ಲಿಷ್ ಓದುಗನಿಗೆ ಕಥೆಯ ಬುಡವೇ ಸಡಿಲವಾಗುತ್ತದೆ. ನೀರಿಲ್ಲದ ಲೇಕನ್ನು ಕಟ್ಟುವುದೆಂದರೇನು ಎಂದು ಅವನು ಕೇಳಬಹುದು.

ಕನ್ನಡ ಪದದ ಹಳೆಯ ರೂಪ ‘ಕೆಱೆ’. ತೆಲುಗಿನ ‘ಚೆಱುವು’ ಇದರ ಜ್ಞಾತಿಪದ. ಪೂರ್ವಸ್ವರದ ಮುಂದೆ ತೆಲುಗು ಕಕಾರವನ್ನು ಚಕಾರವಾಗಿಸಿದೆ. ಕನ್ನಡ ಮೂಲದ ಕಕಾರವನ್ನು ಉಳಿಸಿಕೊಂಡಿದೆ. ಹೀಗೆ ದ್ರಾವಿಡ ಭಾಷೆಗಳಲ್ಲಿ ಪ್ರಾಚೀನವಾದ ಈ ಪದಕ್ಕೆ ‘ಟ್ಯಾಂಕ್’ ಹತ್ತಿರದ ಸಂವಾದಿಯಾದುದು ಆ ಇಂಗ್ಲಿಷ್ ಪದದ ಯೋಗ್ಯತೆಯಿಂದಲ್ಲ, ಇಲ್ಲಿನ ಕಚೇರಿಗಳಲ್ಲಿ ಅದು ಪಡೆದ ಸಂಸ್ಕಾರದಿಂದ ಎಂಬುದನ್ನು ಮರೆಯಬಾರದು.

ಆದರೆ ಈ ಸಂಸ್ಕಾರ ಈಗ ಮಸುಕಾಗುತ್ತಿದೆ. 1916ರಲ್ಲಿ ಬ್ರಿಟಿಷರು ಹೊಸ ಯುದ್ಧವಾಹನವನ್ನು ಗುಟ್ಟಾಗಿಡಲು ‘ಟ್ಯಾಂಕ್’ ಎಂಬ ಹೆಸರನ್ನು ಬಳಸಿದ ಮೇಲೆ ಆ ಪದಕ್ಕೆ ಮತ್ತೊಂದು ಪ್ರಬಲಾರ್ಥ ಕೂಡಿಕೊಂಡಿತು. ಇಂದಿನ ವಿದ್ಯಾರ್ಥಿಗೆ ಟ್ಯಾಂಕು ಎಂದರೆ ಮನೆಯ ತಾರಸಿಯ ಮೇಲಿನ ನೀರಿನ ತೊಟ್ಟಿ, ಇಲ್ಲವೆ ಪೆಟ್ರೋಲಿನ ಟ್ಯಾಂಕು. ಕನ್ನಡದ ಒಳಗೇ ಆ ಅರ್ಥದಲ್ಲಿ ಅದು ನೆಲೆಯಾಗಿದೆ. ಹೀಗಾಗಿ ಕೆರೆಯನ್ನು ‘ಟ್ಯಾಂಕ್’ ಎನ್ನಲು ಅವನು ಹಿಂಜರಿದು ‘ಲೇಕ್’ ಎಂದು ಬರೆಯುತ್ತಾನೆ. ಪ್ರವಾಸಿ ಬರಹಗಳಲ್ಲಿ ‘ಅಯ್ಯನಕೆರೆ ಲೇಕ್’ ಎಂಬ ದ್ವಿರುಕ್ತಿ ಕಾಣಿಸಿಕೊಳ್ಳುವುದು ಈ ಹಿನ್ನೆಲೆಯಲ್ಲಿಯೇ. ಗುಡ್ಡಗಳ ನಡುವಿನ ನೀರನ್ನು ನೋಡಲು ಬಂದವರಿಗೆ ಅದು ಲೇಕ್. ಅದರ ತೂಬಿನ ನೀರಿನಿಂದ ಗದ್ದೆ, ತೋಟ ಮಾಡುವವರಿಗೆ ಕೆರೆ. ಪದದ ಆಯ್ಕೆಯಲ್ಲಿ ನೋಟದ ಆಯ್ಕೆಯೂ ಅಡಗಿದೆ.

4. ಪಾಂಡ್ ಮತ್ತು ರಿಸರ್ವಾಯರ್

‘ಪಾಂಡ್’ ಎಂಬುದು ದನಕರುಗಳನ್ನು ಕೂಡಿಹಾಕುವ ದೊಡ್ಡಿಯ ಅರ್ಥದ ‘ಪೌಂಡ್’ ಎಂಬುದರ ರೂಪಾಂತರ. ಅಂದರೆ ಕೂಡಿಹಾಕಿದ ನೀರು. ಗಾತ್ರದಲ್ಲಿ ಚಿಕ್ಕದು ಎಂಬುದು ಇದರ ಮುಖ್ಯ ಲಕ್ಷಣ. ಕನ್ನಡದಲ್ಲಿ ಇದಕ್ಕೆ ಹೊಂದುವ ಪದಗಳು ಹಲವು: ಕಟ್ಟೆ, ಕುಂಟೆ, ಹೊಂಡ, ಕೊಳ. ಇವುಗಳಲ್ಲಿ ಕಟ್ಟೆಗೆ ಕಟ್ಟುವ ಕ್ರಿಯೆಯೂ ಹೊಂಡಕ್ಕೆ ತಗ್ಗಿನ ಭಾವವೂ ಮೂಲದಲ್ಲಿವೆ. ಕೊಳ ಎಂಬುದು ಕಾವ್ಯದ ತಾವರೆಯನ್ನು ನೆನಪಿಗೆ ತಂದರೆ ಕುಂಟೆ ದನಗಳ ಕಾಲ್ಗೆಸರನ್ನು ನೆನಪಿಗೆ ತರುತ್ತದೆ. ಕೃಷಿ ಭಾಗ್ಯ ಯೋಜನೆಯಲ್ಲಿ ಇಂಗ್ಲಿಷಿನ ‘ಫಾರ್ಮ್ ಪಾಂಡ್’ ಎಂಬುದಕ್ಕೆ ‘ಕೃಷಿ ಹೊಂಡ’ ಎಂಬ ಪದವನ್ನು ಆರಿಸಿರುವುದು ಸಮಂಜಸವಾಗಿದೆ. ಜಮೀನಿನಲ್ಲಿ ತೋಡಿದ ತಗ್ಗಿಗೆ ಕೆರೆ ಎಂದಾಗಲಿ ಕೊಳ ಎಂದಾಗಲಿ ಹೇಳಿದ್ದರೆ ಅರ್ಥ ಕೆಡುತ್ತಿತ್ತು.

ದೇವಾಲಯಗಳ ಕಲ್ಯಾಣಿ, ಪುಷ್ಕರಣಿಗಳಿಗೆ ‘ಪಾಂಡ್’ ಸಲ್ಲದು. ಕಲ್ಲಿನ ಮೆಟ್ಟಿಲು, ಚೌಕಟ್ಟಿನ ಆಕಾರ, ಪೂಜಾವಿಧಿಯ ಸಂಬಂಧ ಇವು ಆ ಪದದಲ್ಲಿಲ್ಲ. ಅಲ್ಲಿ ‘ಟೆಂಪಲ್ ಟ್ಯಾಂಕ್’ ಎಂಬ ಸಮಾಸವೇ ರೂಢ. ಹೀಗೆ ಕನ್ನಡದ ಕೆರೆ ಮತ್ತು ಕಲ್ಯಾಣಿ ಎರಡಕ್ಕೂ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದೇ ಆಗುವುದರಿಂದ ಅನುವಾದದಿಂದ ಮೂಲಕ್ಕೆ ಹಿಂದಿರುಗುವವರು ಸಂದರ್ಭವನ್ನು ನೋಡದೆ ನಿರ್ಣಯಿಸಬಾರದು.

‘ರಿಸರ್ವಾಯರ್’ ಫ್ರೆಂಚಿನಿಂದ ಬಂದ ಪದ. ಕಾದಿರಿಸುವುದು, ಸಂಗ್ರಹಿಸುವುದು ಇದರ ಮೂಲಭಾವ. ಲಕ್ಕವಳ್ಳಿಯಲ್ಲಿ ನಿಂತಿರುವ ನೀರು ರಿಸರ್ವಾಯರ್. ಅದನ್ನು ತಡೆದಿರುವ ಗೋಡೆ ‘ಡ್ಯಾಮ್’. ಕನ್ನಡ ಆಡುಮಾತಿನಲ್ಲಿ ‘ಡ್ಯಾಮ್ ತುಂಬಿದೆ’ ಎನ್ನುತ್ತೇವೆ. ಲಕ್ಷಣಾವೃತ್ತಿಯಿಂದ ಆಧಾರವು ಆಧೇಯವನ್ನು ಸೂಚಿಸುವ ಈ ಪ್ರಯೋಗ ಕನ್ನಡದಲ್ಲಿ ದೋಷವಲ್ಲ. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳ ಇಂಗ್ಲಿಷಿನಲ್ಲಿಯೂ ‘ಡ್ಯಾಮ್’ ಎಂದರೆ ನಿಂತ ನೀರು ಎಂಬ ಅರ್ಥವಿದೆ. ಆದರೆ ಬ್ರಿಟನ್ನಿನ ಶಿಷ್ಟ ಇಂಗ್ಲಿಷಿನಲ್ಲಿ ತುಂಬುವುದು ರಿಸರ್ವಾಯರ್, ಬಿರುಕು ಬಿಡಬಹುದಾದುದು ಡ್ಯಾಮ್. ವಿದ್ಯಾರ್ಥಿಗೆ ಈ ಎರಡು ಕ್ರಿಯಾಪದಗಳನ್ನು ಕೊಟ್ಟರೆ ಸಾಕು, ಅಂತರ ತಾನಾಗಿ ತಿಳಿಯುತ್ತದೆ.

5. ತಡೆಗಳ ಹೆಸರುಗಳು: ಡ್ಯಾಮ್, ಆ್ಯನಿಕಟ್, ಬಂಡ್, ವಿಯರ್

ನೀರನ್ನು ತಡೆಯುವ ರಚನೆಗಳ ಹೆಸರುಗಳಲ್ಲಿ ಗೊಂದಲ ಇನ್ನೂ ಹೆಚ್ಚು. ‘ಆ್ಯನಿಕಟ್’ ಎಂಬ ಇಂಗ್ಲಿಷ್ ಪದ ತಮಿಳಿನ ‘ಅಣೈಕ್ಕಟ್ಟು’ ಎಂಬುದರಿಂದ ಬಂದುದು. ಕನ್ನಡದ ಅಣೆಕಟ್ಟು ಅದರ ಸೋದರಪದ. ರೂಪ ಒಂದೇ ಆದುದರಿಂದ ಅರ್ಥವೂ ಒಂದೇ ಎಂದು ಭಾವಿಸುವುದು ಸಹಜ. ಆದರೆ ಹಾಗಿಲ್ಲ. ಇಂಗ್ಲಿಷಿನ ಆ್ಯನಿಕಟ್ ಹೊಳೆಗೆ ಅಡ್ಡಲಾಗಿ ಕಟ್ಟಿದ ತಗ್ಗಿನ ಕಟ್ಟೆ. ನೀರಿನ ಮಟ್ಟವನ್ನು ಏರಿಸಿ ಕಾಲುವೆಗೆ ತಿರುಗಿಸುವುದು ಅದರ ಕೆಲಸ, ಸಂಗ್ರಹಿಸುವುದಲ್ಲ. ಹೆಚ್ಚಿನ ನೀರು ಅದರ ಮೇಲೆಯೇ ಹರಿದುಹೋಗುತ್ತದೆ. ಭದ್ರಾ ನದಿಯಲ್ಲಿ ಲಕ್ಕವಳ್ಳಿಯಿಂದ ಕೆಳಗೆ ಭದ್ರಾವತಿಯ ಕಡೆ ಇರುವ ಗೋಂದಿ ಅಣೆಕಟ್ಟು ಈ ಅರ್ಥದಲ್ಲಿ ಆ್ಯನಿಕಟ್. ಲಕ್ಕವಳ್ಳಿಯದು ಡ್ಯಾಮ್. ಕನ್ನಡದಲ್ಲಿ ಎರಡಕ್ಕೂ ಅಣೆಕಟ್ಟು ಎನ್ನುತ್ತೇವೆ. ಎರವಲು ಹೋದ ಪದ ಹಳೆಯ, ಕಿರಿದಾದ ಅರ್ಥವನ್ನು ಉಳಿಸಿಕೊಂಡಿರುವಾಗ ಮನೆಯಲ್ಲಿ ಉಳಿದ ಪದ ಅರ್ಥವಿಸ್ತಾರವನ್ನು ಪಡೆದಿದೆ. ಅರ್ಥವ್ಯತ್ಯಾಸದ ಪಾಠಕ್ಕೆ ಇದು ಒಳ್ಳೆಯ ನಿದರ್ಶನ.

‘ಬಂಡ್’ ಹಿಂದೂಸ್ಥಾನಿಯ ಮೂಲಕ ಪಾರಸಿಯಿಂದ ಬಂದ ಪದ. ಭಾರತೀಯ ಇಂಗ್ಲಿಷಿನಲ್ಲಿ ಇದು ಕೆರೆಯ ಏರಿಗೂ ಹೊಲದ ಬದುವಿಗೂ ಸಲ್ಲುತ್ತದೆ. ಕನ್ನಡದ ಏರಿ ಮತ್ತು ಬದು ಎಂದೂ ಒಂದಾಗವು. ಬದುವಿನ ಮೇಲೆ ಬಂಡಿ ಹೋಗದು. ಏರಿಯ ಮೇಲೆ ಬಸ್ಸೇ ಹೋಗಬಹುದು. ಆದುದರಿಂದ ‘ಬಂಡ್’ ಎಂಬುದನ್ನು ಕನ್ನಡಕ್ಕೆ ತರುವಾಗ ರಚನೆಯ ಪ್ರಮಾಣವನ್ನು ತಿಳಿದುಕೊಳ್ಳಬೇಕು. ‘ಎಂಬ್ಯಾಂಕ್‌ಮೆಂಟ್’ ಎಂಬುದು ನದಿಯ ದಂಡೆಗೂ ರೈಲುಹಾದಿಯ ದಿಬ್ಬಕ್ಕೂ ಅನ್ವಯಿಸುವ ಹೆಚ್ಚು ಸಾಮಾನ್ಯವಾದ ಪದ.

‘ವಿಯರ್’ ನೀರು ಮೇಲೆ ಹರಿಯುವಂತೆ ಕಟ್ಟಿದ ಅಡ್ಡಗಟ್ಟೆ. ಕೆರೆಯ ಕೋಡಿಯನ್ನು ಇಂಜಿನಿಯರುಗಳ ಇಂಗ್ಲಿಷಿನಲ್ಲಿ ‘ವೇಸ್ಟ್ ವಿಯರ್’ ಎನ್ನುವುದುಂಟು. ಇಲ್ಲಿ ‘ವೇಸ್ಟ್’ ಎಂದರೆ ಹೆಚ್ಚಾಗಿ ಹೊರಹೋಗುವ ನೀರು ಎಂಬ ಪಾರಿಭಾಷಿಕಾರ್ಥ. ಆದರೆ ಕೋಡಿ ಬೀಳುವುದು ನಮ್ಮಲ್ಲಿ ವ್ಯರ್ಥವಾಗುವುದರ ಸೂಚನೆಯಲ್ಲ, ಸಮೃದ್ಧಿಯ ಸೂಚನೆ. ಊರಿನವರು ಬಾಗಿನ ಅರ್ಪಿಸುವ ಸಂದರ್ಭ ಅದು. ಕೋಡಿಯ ನೀರು ಕೆಳಗಿನ ಕೆರೆಗೆ ಒಳಹರಿವು. ಒಂದೇ ವಸ್ತುವಿನ ಎರಡು ಹೆಸರುಗಳು ಎರಡು ಮೌಲ್ಯಗಳನ್ನು ಹೊತ್ತಿರುವುದನ್ನು ಇಲ್ಲಿ ಕಾಣಬಹುದು.

6. ಕ್ಯಾಚ್‌ಮೆಂಟ್, ಕಮಾಂಡ್, ವಾಟರ್‌ಶೆಡ್

‘ಕ್ಯಾಚ್‌ಮೆಂಟ್ ಏರಿಯ’ ಮತ್ತು ‘ಕಮಾಂಡ್ ಏರಿಯ’ ಎಂಬ ಪದಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುವುದು ಕಂಡುಬರುತ್ತದೆ. ಮೊದಲನೆಯದು ಕೆರೆಗೆ ನೀರು ಬಂದು ಸೇರುವ ಮೇಲಿನ ನೆಲ. ಎರಡನೆಯದು ಕೆರೆಯ ನೀರು ಉಣ್ಣುವ ಕೆಳಗಿನ ನೆಲ, ಅಂದರೆ ಅಚ್ಚುಕಟ್ಟು. ಏರಿಯ ಮೇಲೆ ನಿಂತವನಿಗೆ ಒಂದು ಎದುರಿಗೆ, ಇನ್ನೊಂದು ಬೆನ್ನಿಗೆ. ಶಾಸನಗಳಲ್ಲಿಯೂ ಕಂದಾಯದ ಕಡತಗಳಲ್ಲಿಯೂ ಬರುವ ‘ಕೆರೆಯ ಕೆಳಗಣ ಗದ್ದೆ’ ಎಂಬ ಬಗೆಯ ಮಾತಿನ ತಾತ್ಪರ್ಯ ಅಚ್ಚುಕಟ್ಟಿನ ಗದ್ದೆ ಎಂದು. ಹಳೆಯ ಕಂದಾಯ ಇಂಗ್ಲಿಷಿನ ‘ಅಂಡರ್ ದಿ ಟ್ಯಾಂಕ್’ ಎಂಬ ನುಡಿಗಟ್ಟು ಇದನ್ನು ಸರಿಯಾಗಿ ಸೂಚಿಸುತ್ತಿತ್ತು. ಅದನ್ನೇ ‘ಅಂಡರ್ ದಿ ಲೇಕ್’ ಎಂದು ಬದಲಾಯಿಸಿದರೆ ದಾನಕೊಟ್ಟ ಗದ್ದೆ ನೀರಿನಲ್ಲಿ ಮುಳುಗುತ್ತದೆ!

‘ವಾಟರ್‌ಶೆಡ್’ ಎಂಬುದರಲ್ಲಿ ಇಂಗ್ಲಿಷಿನೊಳಗೇ ಭೇದವಿದೆ. ಬ್ರಿಟಿಷ್ ಪ್ರಯೋಗದಲ್ಲಿ ಅದು ಎರಡು ನದಿಗಳ ಹರಿವನ್ನು ಬೇರ್ಪಡಿಸುವ ಏಣು, ಅಂದರೆ ಜಲವಿಭಾಜಕ. ಅಮೆರಿಕದ ಪ್ರಯೋಗದಲ್ಲಿ ಅದು ನೀರು ಹರಿದು ಸೇರುವ ಇಡೀ ಪ್ರದೇಶ. ನಮ್ಮ ಸರ್ಕಾರದ ‘ಜಲಾನಯನ ಅಭಿವೃದ್ಧಿ’ ಎಂಬ ಪರಿಭಾಷೆ ಎರಡನೆಯ ಅರ್ಥವನ್ನು ಅನುಸರಿಸಿದೆ. ಅಜ್ಜಂಪುರದ ಸುರಂಗವನ್ನು ಉದಾಹರಿಸಿ ಇದನ್ನು ವಿವರಿಸಬಹುದು. ಭದ್ರೆಯ ಕಡೆಗೆ ಇಳಿಯುವ ನೆಲಕ್ಕೂ ವೇದಾವತಿಯ ಕಡೆಗೆ ಇಳಿಯುವ ನೆಲಕ್ಕೂ ನಡುವೆ ಎತ್ತರವಿರುವುದರಿಂದ ನೀರು ತಾನಾಗಿ ದಾಟಲಾರದು. ಬ್ರಿಟಿಷ್ ಅರ್ಥದಲ್ಲಿ ಸುರಂಗವು ವಾಟರ್‌ಶೆಡ್ಡನ್ನು ಭೇದಿಸುತ್ತದೆ. ಅಮೆರಿಕದ ಅರ್ಥದಲ್ಲಿ ಎರಡು ವಾಟರ್‌ಶೆಡ್ಡುಗಳನ್ನು ಕೂಡಿಸುತ್ತದೆ. ವರದಿಯನ್ನು ಅನುವಾದಿಸುವವರು ಮೂಲ ಲೇಖಕರ ಪ್ರಯೋಗ ಯಾವುದೆಂದು ಗುರುತಿಸದಿದ್ದರೆ ಏಣನ್ನು ಕಣಿವೆಯಾಗಿಸುವ ಅಪಾಯವಿದೆ.

7. ಕಾನೂನಿನ ಭಾಷೆಯಲ್ಲಿ ಪದದ ಹೊಣೆ

ಈ ಬಗೆಯ ವಿವೇಚನೆ ಕೇವಲ ಕೋಶವಿಷಯವಲ್ಲ ಎಂಬುದಕ್ಕೆ ಕರ್ನಾಟಕದ ಒಂದು ಅಧಿನಿಯಮವೇ ಸಾಕ್ಷಿ. ಕೆರೆಗಳ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ರಚನೆಗಾಗಿ 2014ರ ಅಧಿನಿಯಮ ರೂಪುಗೊಂಡಾಗ ಅದರ ಇಂಗ್ಲಿಷ್ ಹೆಸರಿನಲ್ಲಿ ‘ಲೇಕ್’ ಎಂಬ ಪದವಿತ್ತು. 2018ರ ತಿದ್ದುಪಡಿಯಲ್ಲಿ ಅದರ ಸ್ಥಾನಕ್ಕೆ ‘ಟ್ಯಾಂಕ್’ ಬಂದಿತು. ಕನ್ನಡದಲ್ಲಿ ಎರಡಕ್ಕೂ ಕೆರೆ ಎಂಬ ಒಂದೇ ಪದ ಸಾಲುತ್ತದೆ. ಇಂಗ್ಲಿಷ್ ಮಾತ್ರ ತನ್ನ ಪದವನ್ನು ಹುಡುಕಬೇಕಾಯಿತು.

ಇನ್ನೂ ಗಮನಾರ್ಹವಾದುದು ಅಧಿನಿಯಮದ ವ್ಯಾಖ್ಯೆ. ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಗಳಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಬೇರಾವುದೇ ಹೆಸರಿನಿಂದ ನಮೂದಾಗಿರುವ ಜಲನೆಲೆಯನ್ನು ಅದು ಒಳಗೊಳ್ಳುತ್ತದೆ. ರಾಜಕಾಲುವೆ, ಏರಿ, ಕೋಡಿ, ತೂಬುಗಳನ್ನೂ ಸೇರಿಸಿಕೊಳ್ಳುತ್ತದೆ. ಇಂಗ್ಲಿಷ್ ಪಠ್ಯದಲ್ಲಿಯೂ ಕೆರೆ, ಕುಂಟೆ, ಕಟ್ಟೆ, ರಾಜಕಾಲುವೆ ಎಂಬ ಕನ್ನಡ ಪದಗಳನ್ನು ಹಾಗೆಯೇ ಇರಿಸಬೇಕಾಗಿ ಬಂದಿದೆ. ‘ಲೇಕ್’ ಎಂಬ ಪದದ ರೂಢಾರ್ಥವೊಂದರಿಂದಲೇ ಈ ವ್ಯಾಪ್ತಿ ದೊರೆಯುವಂತಿರಲಿಲ್ಲ. ಬೇಸಗೆಯಲ್ಲಿ ಒಣಗಿದ ಕೆರೆಯಂಗಳವನ್ನು ಖಾಲಿ ಜಾಗವೆಂದು ವಾದಿಸುವವನಿಗೆ ‘ನೀರಿರಲಿ ಇಲ್ಲದಿರಲಿ’ ಎಂಬ ಮಾತೇ ಉತ್ತರ. ಕನ್ನಡದ ಕೆರೆ ಎಂಬ ಪದದ ಒಳಗೆ ಈ ಉತ್ತರ ಮೊದಲಿನಿಂದಲೂ ಇತ್ತು.

ರಾಜಕಾಲುವೆಯ ಇಂಗ್ಲಿಷ್ ರೂಪಾಂತರವೂ ಇದನ್ನೇ ಹೇಳುತ್ತದೆ. ಅದು ಮೂಲತಃ ಕೆರೆಗೆ ನೀರು ತರುವ ‘ಫೀಡರ್’. ಬೆಂಗಳೂರಿನ ಆಡಳಿತದ ಇಂಗ್ಲಿಷಿನಲ್ಲಿ ಅದಕ್ಕೆ ‘ಸ್ಟಾರ್ಮ್ ವಾಟರ್ ಡ್ರೇನ್’ ಎಂಬ ಹೆಸರು ರೂಢವಾಗಿದೆ. ಉಣಿಸುವ ಕಾಲುವೆ ಮಾತಿನಲ್ಲಿ ಚರಂಡಿಯಾಯಿತು. ಒಂದನ್ನು ಕಾಪಾಡಿಕೊಳ್ಳುವ ಮನೋಭಾವವೂ ಇನ್ನೊಂದನ್ನು ಮುಚ್ಚಿಹಾಕುವ ಮನೋಭಾವವೂ ಒಂದೇ ಅಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ.

8. ಬೋಧನೆ ಮತ್ತು ಕೋಶರಚನೆಗೆ ಕೆಲವು ಸೂಚನೆಗಳು

ಮೇಲಿನ ವಿವೇಚನೆಯಿಂದ ಸಮೀಪಾರ್ಥಕ ಪದಗಳನ್ನು ವಿಂಗಡಿಸಲು ನಾಲ್ಕು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು.

ಅ) ಪದವು ವಸ್ತುವಿನ ಯಾವ ಅಂಶವನ್ನು ಪ್ರಧಾನವಾಗಿ ಹೆಸರಿಸುತ್ತದೆ? (ನೀರನ್ನೋ, ತಡೆಯನ್ನೋ, ಇಡೀ ವ್ಯವಸ್ಥೆಯನ್ನೋ)

ಆ) ಅದರ ಪ್ರಮಾಣ ಮತ್ತು ಉಪಯೋಗವೇನು? (ಸಂಗ್ರಹ, ತಿರುವು, ನೀರಾವರಿ, ಪೂಜೆ)

ಇ) ಅದು ಯಾವ ಪ್ರಯೋಗವಲಯಕ್ಕೆ ಸೇರಿದುದು? (ಬ್ರಿಟನ್, ಅಮೆರಿಕ, ಭಾರತದ ಕಂದಾಯ ಭಾಷೆ, ಪ್ರವಾಸಿ ಬರಹ)

ಈ) ಯಾವ ಕ್ರಿಯಾಪದ, ವಿಶೇಷಣಗಳೊಡನೆ ಅದು ಸಹಜವಾಗಿ ಕೂಡುತ್ತದೆ? (ತುಂಬು, ಒಡೆ, ಬತ್ತು, ಕಟ್ಟು)

ಈ ಪ್ರಶ್ನೆಗಳನ್ನು ಅಯ್ಯನಕೆರೆಗೆ ಅನ್ವಯಿಸಿದರೆ ಪ್ರಾರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ನೀರಾವರಿ, ಶಾಸನ, ಕಂದಾಯಗಳ ಸಂದರ್ಭದಲ್ಲಿ ‘ಟ್ಯಾಂಕ್’ ಎನ್ನುವುದೇ ಯುಕ್ತ; ಭಾರತದ ಹೊರಗಿನ ಓದುಗರಿಗಾಗಿ ಬರೆಯುವಾಗ ಮೊದಲ ಬಾರಿ ‘ಇರಿಗೇಶನ್ ಟ್ಯಾಂಕ್’ ಎಂದು ವಿಶೇಷಣ ಸೇರಿಸುವುದು ಅಗತ್ಯ. ಭೂದೃಶ್ಯದ ವರ್ಣನೆಯಲ್ಲಿ ‘ಲೇಕ್’ ಸಹ್ಯವಾದರೂ ‘ಅಯ್ಯನಕೆರೆ ಲೇಕ್’ ಎಂಬ ದ್ವಿರುಕ್ತಿ ಬೇಡ. ‘ಪಾಂಡ್’ ಯಾವ ಸಂದರ್ಭದಲ್ಲಿಯೂ ಸಲ್ಲದು. ‘ರಿಸರ್ವಾಯರ್’ ಅರ್ಥದಿಂದ ತಪ್ಪಲ್ಲವಾದರೂ ಲಕ್ಕವಳ್ಳಿಯಂತಹ ಆಧುನಿಕ ಯೋಜನೆಗಳಿಗೆ ಅದನ್ನು ಮೀಸಲಿಡುವುದರಿಂದ ಸ್ಪಷ್ಟತೆ ಹೆಚ್ಚುತ್ತದೆ. ಕೆಲವೊಮ್ಮೆ ಕೆರೆ ಎಂಬ ಪದವನ್ನೇ ಇಂಗ್ಲಿಷಿನಲ್ಲಿ ಉಳಿಸಿಕೊಳ್ಳುವುದೂ ಒಂದು ಮಾರ್ಗ. ಕಾನೂನು ಈಗಾಗಲೇ ಈ ಮಾರ್ಗವನ್ನು ಹಿಡಿದಿದೆ.

9. ಉಪಸಂಹಾರ

ಒಟ್ಟಿನಲ್ಲಿ, ಸಮೀಪಾರ್ಥಕ ಇಂಗ್ಲಿಷ್ ಪದಗಳ ಅಂತರವನ್ನು ತಿಳಿಯಲು ಇಂಗ್ಲಿಷ್ ಕೋಶವೊಂದೇ ಸಾಲದು. ಆ ಪದಗಳು ಸೂಚಿಸಬೇಕಾದ ನಮ್ಮ ವಸ್ತುವಿಗೆ ಕನ್ನಡದಲ್ಲಿರುವ ಪದಗಳ ಸೂಕ್ಷ್ಮವನ್ನೂ ಅರಿತಿರಬೇಕು. ಏರಿ, ಬದು, ಕೋಡಿ, ತೂಬು, ಅಚ್ಚುಕಟ್ಟು ಇವುಗಳ ನಡುವಣ ಭೇದ ಮರೆತವರಿಗೆ ಬಂಡ್, ವಿಯರ್, ಸ್ಲೂಸ್, ಕಮಾಂಡ್ ಏರಿಯ ಇವುಗಳ ಭೇದವೂ ತಿಳಿಯುವುದು ಕಷ್ಟ. ಕೆರೆಯ ಏರಿಯನ್ನು ನಡೆದು ನೋಡದ ಪೀಳಿಗೆಗೆ ಈ ಕನ್ನಡ ಪದಗಳೇ ಈಗ ಅರ್ಥಕೋಶದ ಪ್ರವಿಷ್ಟಿಗಳಾಗುತ್ತಿವೆ. ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಕಡೆ ನೀರಗಂಟಿಗಳು, ಹಿರಿಯ ರೈತರು ಬಳಸುವ ಜಲಪರಿಭಾಷೆಯನ್ನು ತಾಲ್ಲೂಕುವಾರು ಸಂಗ್ರಹಿಸಿ, ಪ್ರತಿಯೊಂದು ಪದಕ್ಕೂ ಸಲ್ಲುವ ಮತ್ತು ಸಲ್ಲದ ಇಂಗ್ಲಿಷ್ ಪದಗಳನ್ನು ಪ್ರಯೋಗಸಹಿತವಾಗಿ ಕೊಡುವ ಕೋಶವೊಂದು ಸಿದ್ಧವಾಗಬೇಕಾಗಿದೆ. ಅಮೃತಮಹಲ್ ಕಾವಲುಗಳ ಹಿನ್ನೆಲೆಯಲ್ಲಿ ಕಾವಲು, ಗೋಮಾಳ, ಹುಲ್ಲುಬನ್ನಿ ಎಂಬ ಪದಗಳನ್ನು ‘ಪಾಶ್ಚರ್’, ‘ಮೆಡೊ’, ‘ಗ್ರಾಸ್‌ಲ್ಯಾಂಡ್’ ಎಂಬುವುಗಳೊಡನೆ ಇಟ್ಟು ನೋಡುವ ಇಂತಹುದೇ ಅಧ್ಯಯನಕ್ಕೂ ಅಲ್ಲಿ ಅವಕಾಶವಿದೆ. ಆ ಕಾರ್ಯ ಭಾಷಾಧ್ಯಯನಕ್ಕೆ ಎಷ್ಟು ಪ್ರಯೋಜನಕಾರಿಯೋ ನೆಲಜಲಗಳ ರಕ್ಷಣೆಗೂ ಅಷ್ಟೇ ಪ್ರಯೋಜನಕಾರಿಯಾದೀತು.